ಗಿಟಾರ್ ಕಟ್ಟಲು ಬೆಂಚು ಹೇಗಿರಬೇಕು, ಕೋಣೆ ಹೇಗಿರಬೇಕು?

ನಾನು ಗಿಟಾರ್ ಕಟ್ಟುತ್ತೇನೆಂದು ತಿಳಿದ ಕೂಡಲೇ, ಮರಗೆಲಸದಲ್ಲಿ ಆಸಕ್ತಿಯಿರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮನೆಯಲ್ಲಿ ಒಂದು ಸಣ್ಣ ಕೋಣೆ ಖಾಲಿಯಿದೆ, ಅಲ್ಲಿ ಅಕೂಸ್ಟಿಕ್ ಗಿಟಾರ್ ಮಾಡಬೇಕೆಂದಿದ್ದೇನೆ, ಎಂಥ ಬೆಂಚು ಮಾಡಿಸಲಿ, ಯಾವ ಯಂತ್ರ ಕೊಳ್ಳಲಿ? ಕೇಳುವವರ ಕೈಯಲ್ಲಿ ಯಂತ್ರಗಳ ಪಟ್ಟಿಯೊಂದು ಸಾಮಾನ್ಯವಾಗಿ ಮೊದಲೇ ಸಿದ್ಧವಾಗಿರುತ್ತದೆ. ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂದೇ ನಾನು ಉತ್ತರವನ್ನು ಆರಂಭಿಸುತ್ತೇನೆ. ತಂತಿವಾದ್ಯ ಮಾಡುವ ಕೋಣೆಯಿಂದ ಆಗಬೇಕಾದ ಕೆಲಸ ಎರಡೇ. ತೆಳ್ಳಗಿನ, ಡೊಂಕಾದ ಮರದ ತುಂಡುಗಳನ್ನು ಅದು ಅಲುಗದಂತೆ ಹಿಡಿದುಕೊಡಬೇಕು. ಆ ಮರ ಗಾಳಿಯ ತೇವಕ್ಕೆ ತಾನಾಗಿ ಹಿಗ್ಗಿ ಕುಗ್ಗದಂತೆ ನೋಡಿಕೊಳ್ಳಬೇಕು. ದುಡ್ಡು ಮೊದಲು ಹೋಗಬೇಕಾದದ್ದು ಇವೆರಡಕ್ಕೆ.

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ಗಿಟಾರಿನ ಮೇಲ್ಹಲಗೆ ಬಹುಮಟ್ಟಿಗೆ ಸ್ಪ್ರೂಸ್ ಮರದ್ದು. ದಪ್ಪ ಎರಡೂವರೆ ಮಿ.ಮೀ. ಆಸುಪಾಸು, ಅತಿ ಅಗಲದ ಕಡೆ ಸುಮಾರು 400 ಮಿ.ಮೀ. ಮರ ಹಿಗ್ಗುವುದೂ ಕುಗ್ಗುವುದೂ ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಅದು ಲೆಕ್ಕಕ್ಕೆ ಬರುವಷ್ಟು ಬದಲಾಗುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 80ರಷ್ಟಿರುವಾಗ ಇಂಥ ಹಲಗೆಯೊಳಗಿನ ನೀರು ಅದರ ಒಣತೂಕದ ಶೇ. 16ರ ಸುಮಾರಿನಲ್ಲಿರುತ್ತದೆ. ತೇವಾಂಶ ಶೇ. 40ಕ್ಕೆ ಇಳಿದು ಹಾಗೆಯೇ ನಿಂತರೆ ಅದು ಶೇ. 8ರ ಹತ್ತಿರಕ್ಕೆ ಬರುತ್ತದೆ. ಅಷ್ಟರಲ್ಲಿ ಹಲಗೆ ಅಡ್ಡಗಲದಲ್ಲಿ ನಾಲ್ಕೈದು ಮಿ.ಮೀ. ಕುಗ್ಗಲು ನೋಡುತ್ತದೆ, ಒಳಗೆ ಎಳೆಗೆ ಅಡ್ಡವಾಗಿ ಅಂಟಿಸಿದ ಬ್ರೇಸುಗಳು, ಎಂದರೆ ಹಲಗೆಗೆ ಬಲ ಕೊಡುವ ಮರದ ಪಟ್ಟಿಗಳು, ಅದಕ್ಕೆ ಆಸ್ಪದ ಕೊಡದ ಕಾರಣ ನಡುವೆ ಎಲ್ಲಾದರೂ ಸೀಳು ಬೀಳುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಅಂಟಿಸಿದ ಗಿಟಾರ್ ಮಾರ್ಚಿನಲ್ಲಿ ಬಿರುಕು ಬಿಟ್ಟರೆ ಅಂಟನ್ನೋ ಮರ ಮಾರಿದವರನ್ನೋ ದೂರುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದ ಉಪಕರಣ ತೇವಮಾಪಕ. ಅಗ್ಗದ ಡಿಜಿಟಲ್ ಮಾಪಕ ಸಾಕು, ಆದರೆ ಅದು ತೋರಿಸುವ ಅಂಕಿಯನ್ನು ಪರೀಕ್ಷಿಸದೆ ನಂಬಬಾರದು. ಬಾಟಲಿಯ ಮುಚ್ಚಳದಲ್ಲಿ ಅಡುಗೆಯ ಪುಡಿ ಉಪ್ಪನ್ನು ತುಂಬಿ, ಕರಗಿಹೋಗದಂತೆ ಒದ್ದೆ ಮುದ್ದೆಯಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಡೀ ರಾತ್ರಿ ಮುಚ್ಚಿಡಿ. ಡಬ್ಬಿಯೊಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 69 ತೋರಿಸಿದರೆ ಮುಂದೆ ಅದರ ಅಂಕಿಗೆ 6 ಸೇರಿಸಿ ಓದಿಕೊಳ್ಳಿ. ಬ್ರೇಸುಗಳನ್ನು ಅಂಟಿಸುವ ದಿನ ಕೋಣೆಯಲ್ಲಿ ಶೇ. 45ರಿಂದ 50 ಇರಬೇಕು, ಹಲಗೆಗಳು ಅದಕ್ಕೆ ಮೊದಲು ಕೆಲವು ದಿನ ಅದೇ ಹವೆಯಲ್ಲಿ ಇದ್ದಿರಬೇಕು. ಬಯಲುಸೀಮೆಯವರು ಮಳೆಗಾಲ ಕಳೆಯುವವರೆಗೆ ಕಾಯಬಹುದು. ಕರಾವಳಿಯವರಿಗೆ ಆ ಅನುಕೂಲವಿಲ್ಲ; ತೇವ ಹೀರುವ ಯಂತ್ರವನ್ನೋ ಏಸಿಯನ್ನೋ ಕೊಳ್ಳದೆ ಅಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಮರವನ್ನು ಕಾಯ್ದಿಡಲು ಹಳೆಯ ಬೀರುವಿನ ತಳದಲ್ಲಿ ಹಳೆಯ ಬಗೆಯ 40 ವಾಟಿನ ಬಲ್ಬನ್ನು ಮರಕ್ಕೆ ತಾಗದಂತೆ ಉರಿಸಿಟ್ಟರೂ ನಡೆಯುತ್ತದೆ.

ಇನ್ನು ಬೆಂಚು. ಬಾಗಿಲು, ಮಂಚ ಮಾಡುವ ಬಡಗಿಯ ಬೆಂಚು ನಮಗೆ ಹೊಂದುವುದಿಲ್ಲ. ಅಲ್ಲಿ ಮೈಭಾರ ಹಾಕಿ ಕೀಸುಳಿ ಓಡಿಸಬೇಕಾದ್ದರಿಂದ ಎತ್ತರ ಕಡಿಮೆಯಿರುತ್ತದೆ. ನಮ್ಮ ಕೆಲಸದಲ್ಲಿ ಹೆಚ್ಚಿನದೆಲ್ಲ ಕಣ್ಣಿನ ಹತ್ತಿರ ಇಟ್ಟುಕೊಂಡು ಸಣ್ಣ ಉಳಿಯಲ್ಲಿ ಕೆತ್ತುವುದು, 95 ಸೆಂ.ಮೀ. ಎತ್ತರವಿದ್ದರೆ ಬೆನ್ನು ಬಾಗಿಸಬೇಕಾಗಿಲ್ಲ. ಉದ್ದ ನಾಲ್ಕೂವರೆ ಅಡಿ, ಅಗಲ ಎರಡು ಅಡಿಗಿಂತ ಕಡಿಮೆ ಸಾಕು, ಆದರೆ ಮೂರು ಕಡೆಯಿಂದಲಾದರೂ ಸುತ್ತಾಡಲು ಜಾಗ ಬಿಡಿ. ಮೇಲಿನ ಹಾಸು ಎರಡೂವರೆ ಅಂಗುಲ ದಪ್ಪವಿರಲಿ, ಕಾಲುಗಳಿಗಿಂತ ಒಂದು ಗೇಣಿನಷ್ಟು ಹೊರಚಾಚಿರಲಿ. ಆ ಅಂಚಿನ ಕೆಳಗೆ ಅಂದಕ್ಕೆಂದು ಅಡ್ಡಪಟ್ಟಿ ಹೊಡೆಯಲು ಬಡಗಿಗೆ ಬಿಡಬೇಡಿ, ಏಕೆಂದರೆ ಕ್ಲಾಂಪು ಕಚ್ಚಬೇಕಾದ ಜಾಗ ಅದೇ. ಹೊಸ ಮರ ಬೇಡ. ಮನೆ ಕೆಡವಿದ ಕಡೆ ಸಿಗುವ ಹಳೆಯ ಹೊನ್ನೆ, ಮತ್ತಿ, ತೇಗದ ತೊಲೆಗಳು ತಮ್ಮ ಒಣಗುವ ಕೆಲಸವನ್ನೆಲ್ಲ ಎಂದೋ ಮುಗಿಸಿರುತ್ತವೆ. ಮೊಳೆಗಳನ್ನು ಹುಡುಕಿ ಕಿತ್ತರಾಯಿತು. ಮರವನ್ನು ಬಿಗಿದು ಹಿಡಿಯುವ ವೈಸಿನ ದವಡೆಗಳಿಗೆ ಚರ್ಮ ಅಂಟಿಸಿ. ಬೆಂಚಿನ ಮೇಲೊಂದು ಮೆದು ಬ್ರಷ್ಷು ಯಾವಾಗಲೂ ಇರಲಿ: ಸ್ಪ್ರೂಸ್ ಎಷ್ಟು ಮೆದುವೆಂದರೆ, ಹಲಗೆಯ ಅಡಿಗೆ ಸಿಕ್ಕ ಒಂದೇ ಒಂದು ಬೀಟೆಯ ಚಕ್ಕೆ ಅದರ ಮೇಲೆ ಗುಳಿ ಬೀಳಿಸುತ್ತದೆ.

ಬೆಂಚೇ ಬೇಕೇ ಎಂದು ಕೇಳುವವರೂ ಇದ್ದಾರೆ, ಮತ್ತು ಅದು ಒಳ್ಳೆಯ ಪ್ರಶ್ನೆ. ಮೀರಜಿನಲ್ಲಿ ಸಿತಾರ್, ತಂಬೂರಿ ಮಾಡುವವರು ನೆಲದ ಮೇಲೆ ಕುಳಿತು, ಕಾಲುಗಳನ್ನೇ ವೈಸಿನಂತೆ ಬಳಸಿ ಕೆಲಸ ಮಾಡುತ್ತಾರೆ. ಸೋರೆಬುರುಡೆಯಂಥ ದುಂಡನೆಯ ವಸ್ತುವನ್ನು ಹಿಡಿಯಲು ಅದೇ ಸರಿಯಾದ ಕ್ರಮ. ಗಿಟಾರಿಗೆ ಮಾತ್ರ ಚಪ್ಪಟೆಯಾದ, ನಂಬಬಹುದಾದ ಒಂದು ಮೇಲ್ಮೈ ಬೇಕೇ ಬೇಕು.

ಆ ಮೇಲ್ಮೈಯೂ ನಿಜವಾಗಿ ಬೆಂಚಿನದಲ್ಲ, ಬೆಂಚಿನ ಮೇಲೆ ಇಡುವ ಸೊಲೆರಾದ್ದು. ಸ್ಪೇನಿನ ಪದ್ಧತಿಯಲ್ಲಿ ಗಿಟಾರನ್ನು ಈ ಮಣೆಯ ಮೇಲೆ ಮುಖ ಕೆಳಗಾಗಿ ಕಟ್ಟುತ್ತಾರೆ. 18 ಮಿ.ಮೀ. ಪ್ಲೈವುಡ್ಡಿನ ಎರಡು ಪದರಗಳನ್ನು ಅಂಟಿಸಿ, ಗಿಟಾರಿನ ಆಕಾರಕ್ಕೆ ಕತ್ತರಿಸಿ, ತಂತಿಗಳನ್ನು ಹೊರುವ ಬ್ರಿಡ್ಜ್ ಬರುವ ಭಾಗದಲ್ಲಿ ಎರಡು ಮಿ.ಮೀ.ನಷ್ಟು ತಟ್ಟೆಯಂತೆ ತೋಡಿದರೆ ಮೇಲ್ಹಲಗೆಗೆ ಬೇಕಾದ ಉಬ್ಬು ಅಲ್ಲಿಂದಲೇ ಬರುತ್ತದೆ. ಇಂದಿನ ಕ್ಲಾಸಿಕಲ್ ಗಿಟಾರಿನ ರೂಪವನ್ನು ನೆಲೆಗೊಳಿಸಿದ ಆಂಟೋನಿಯೊ ದೆ ತೊರೆಸ್ 1862ರಲ್ಲಿ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಲ್ಲಿ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಇಟ್ಟು ಒಂದು ಗಿಟಾರ್ ಕಟ್ಟಿದ. ಸೊಲೆರಾಕ್ಕೆ ಇಷ್ಟು ಮುತುವರ್ಜಿ ಏಕೆಂದು ಕೇಳುವವರಿಗೆ, ನಾದಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಮೇಲ್ಹಲಗೆ ಎಂದು ತೋರಿಸಲು, ನಾನು ಆ ಗಿಟಾರಿನ ವಿಷಯ ಹೇಳುತ್ತೇನೆ.

ಬ್ರೇಸುಗಳನ್ನು ಒತ್ತಿ ಹಿಡಿಯಲು ಉದ್ದ ಕತ್ತಿನ ಕ್ಲಾಂಪುಗಳನ್ನು ಡಜನುಗಟ್ಟಲೆ ಕೊಳ್ಳಬೇಡಿ. ಸೊಲೆರಾದ ಮೇಲೆ ಎರಡಡಿ ಎತ್ತರದಲ್ಲಿ ಇನ್ನೊಂದು ಹಲಗೆಯನ್ನು ನಾಲ್ಕು ಬೋಲ್ಟಿನ ಕಂಬಿಗಳಿಂದ ಬಿಗಿದು, ನಡುವಿನ ಜಾಗಕ್ಕಿಂತ ತುಸು ಉದ್ದವಾದ ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಾಗಿಸಿ ಸಿಕ್ಕಿಸಿದರೆ, ಪ್ರತಿಯೊಂದು ದಬ್ಬೆಯೂ ಬ್ರೇಸನ್ನು ಒಂದೇ ಸಮನೆ ಒತ್ತುತ್ತದೆ. ವಿದೇಶದವರು ಇದಕ್ಕೆ ಫೈಬರ್‌ಗ್ಲಾಸ್ ಕಡ್ಡಿ ತರಿಸುತ್ತಾರೆ. ನಮಗೆ ಅದರ ಅಗತ್ಯವಿಲ್ಲ. ದಬ್ಬೆ ಹಾಕುವಾಗ ಕನ್ನಡಕ ಧರಿಸಿ, ಒಂದು ಜಾರಿದರೆ ನೇರ ಮುಖಕ್ಕೆ ಬರುತ್ತದೆ.

ಫ್ರೆಟ್ಟುಗಳನ್ನು, ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳನ್ನು, ಕೂರಿಸುವ ಸೀಳುಗಳಿಗೆ ತೆಳು ಹಲ್ಲಿನ ಗರಗಸವೂ ಅದನ್ನು ನೇರ ಹಿಡಿಯುವ ಪೆಟ್ಟಿಗೆಯೂ ಬೇಕು. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ, ಕಿವಿ ಒಪ್ಪುವವರೆಗೆ ಸರಿಸಬಹುದು. ಗಿಟಾರಿನಲ್ಲಿ ಆ ಅವಕಾಶವಿಲ್ಲ: ತಂತಿಯ ಉದ್ದ 650 ಮಿ.ಮೀ. ಆದರೆ ಅದನ್ನು 17.817ರಿಂದ ಭಾಗಿಸಿ, ಮೊದಲ ಫ್ರೆಟ್ಟನ್ನು ನಟ್ಟಿನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯಿಂದ) 36.48 ಮಿ.ಮೀ.ಗೇ ಕೂರಿಸಬೇಕು.

ಕೊನೆಗೆ ಯಂತ್ರ. ಕೊಳ್ಳಲೇಬೇಕೆಂದರೆ ಮೊದಲು ಬ್ಯಾಂಡ್‌ಸಾ (ಪಟ್ಟಿಯಂತೆ ಸುತ್ತುವ ಅಲಗಿನ ಗರಗಸ ಯಂತ್ರ), ಅದೂ ಕೆಲವು ಗಿಟಾರುಗಳು ಕೈಯಲ್ಲೇ ಆದ ಮೇಲೆ. ಅಲ್ಲಿಯವರೆಗೆ ಒಳ್ಳೆಯ ಸಾಣೆಕಲ್ಲು, ಎರಡು ಕೀಸುಳಿ, ನಾಲ್ಕು ಉಳಿ, ಪಕ್ಕಗಳನ್ನು ಬಾಗಿಸಲು ಕಾಯಿಸಿದ ಲೋಹದ ಕೊಳವೆ ಸಾಕು. ಬೀಟೆಯನ್ನು ಬಳಸುವುದಾದರೆ ಅರಣ್ಯ ಇಲಾಖೆಯ ಪರವಾನಗಿ, ಬಿಲ್ಲು ಇರುವ ಮರವನ್ನೇ ಕೊಳ್ಳಿ, ಕಾಗದಗಳನ್ನು ಜೋಪಾನವಾಗಿಡಿ. ಬೀಟೆಯ ಧೂಳು ಹಲವರಿಗೆ ಮೈತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುವುದರಿಂದ, ಬ್ಯಾಂಡ್‌ಸಾ ಕೊಳ್ಳುವ ದಿನ ಧೂಳು ಹೀರುವ ಯಂತ್ರಕ್ಕೂ ದುಡ್ಡು ಎತ್ತಿಡಿ.