ಸ್ಲೈಡಿನಲ್ಲಿ ಮುಖ ತೋರಿಸದ ಕೋಶಗಳು

ಪಠ್ಯಪುಸ್ತಕದ ಚಿತ್ರದಲ್ಲಿ ರೋಮಕೂಪ ಎಷ್ಟು ಅಚ್ಚುಕಟ್ಟು! ಮೇಲಿನಿಂದ ಬುಡದವರೆಗೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ವೈದ್ಯಕೀಯ ಕಾಲೇಜೊಂದರಲ್ಲಿ ಚರ್ಮದ ಸ್ಲೈಡ್ ತಯಾರಿಸುವ ನನ್ನ ಕೈಗೆ ಅಂಥ ಇಡೀ ರೋಮಕೂಪ ಸಿಕ್ಕುವುದು ಅಪರೂಪ. ಕೂದಲು ಚರ್ಮದೊಳಗೆ ಓರೆಯಾಗಿ ಇಳಿದಿರುತ್ತದೆ. ಮೇಣದಲ್ಲಿ ಹುದುಗಿಸಿದ ತುಣುಕನ್ನು ಮೈಕ್ರೋಟೋಮಿನ ಅಲಗು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲಿನಷ್ಟು ತೆಳ್ಳಗೆ ಕೊಯ್ಯುತ್ತದೆ. ಎರಡರ ಓರೆಯೂ ತಾಳೆಯಾಗಬೇಕಲ್ಲ! 'ಮೇಡಂ, ಪುಸ್ತಕದಲ್ಲಿರುವ ಹಾಗೆ ಇಲ್ಲವಲ್ಲ' ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ರಾಗ ಎಳೆಯುತ್ತಾರೆ.

ನನಗೆ ಇಷ್ಟವಾದದ್ದು ಅಡ್ಡ ಕೊಯ್ತ. ನಡುವೆ ಕೂದಲು, ಅದರ ಸುತ್ತ ಒಳಕವಚ, ಆಚೆಗೆ ಹೊರಕವಚ, ಒಂದರೊಳಗೊಂದು ಬಳೆಗಳು. ಬುಡಕ್ಕಿಂತ ತುಸು ಮೇಲೆ ಕೊಯ್ದಿದ್ದರೆ ಒಳಕವಚದ ಕೋಶಗಳಲ್ಲಿ ಟ್ರೈಕೋಹಯಲಿನ್ ಎಂಬ ಪ್ರೋಟೀನಿನ ಹರಳುಗಳು ಇಯೋಸಿನ್ ಎಂಬ ಕೆಂಪು ಬಣ್ಣ ಹೀರಿ, ಕುಂಕುಮ ಉದುರಿದಂತೆ ಹೊಳೆಯುತ್ತವೆ. ಇನ್ನೂ ಮೇಲೆ, ಜಿಡ್ಡಿನ ಗ್ರಂಥಿಯ ಮಟ್ಟಕ್ಕೆ ಬಂದರೆ ಒಳಕವಚವೇ ಇಲ್ಲ. ಕೂದಲಿಗೆ ಅಷ್ಟು ದೂರ ಜೊತೆಕೊಟ್ಟು ಅಲ್ಲಿ ಕರಗಿಹೋಗುತ್ತದೆ.

ಬೆಳೆಯುತ್ತಿರುವ ತಲೆಗೂದಲಿನ ಬುಡ ಚರ್ಮದಡಿಯ ಕೊಬ್ಬಿನವರೆಗೂ ಇಳಿದಿರುತ್ತದೆ. ಕೋಶಗಳು ಎಡೆಬಿಡದೆ ಒಡೆದು ಎರಡಾಗುವುದು ಅಲ್ಲಿ. ಪಕ್ಕದ ಮೆಲನೋಸೈಟುಗಳೆಂಬ ವರ್ಣಕೋಶಗಳು ಅವುಗಳಿಗೆ ಕಪ್ಪು ತುಂಬುತ್ತವೆ. ಹೀಗೆ ಕಪ್ಪಾದ ಕೋಶಗಳು ಮೇಲೇರುತ್ತ ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಂಡು ಸಾಯುತ್ತವೆ. ನಾವು ಬಾಚುವುದು ಆ ಸತ್ತ ಸಾಲನ್ನು. ಇದನ್ನು ಹೇಳಿದಾಗ ನಮ್ಮ ಅತ್ತೆ 'ಹಾಗಾದರೆ ನಾನು ಎಣ್ಣೆ ಹಚ್ಚುವುದು ಯಾರಿಗೆ?' ಎಂದು ಕೇಳಿದರು. ನೆತ್ತಿ ತಂಪಾಗುತ್ತದೆಯಲ್ಲ, ಬಿಡಬೇಡಿ ಎಂದೆ. ಎಣ್ಣೆ ಬೇರು ಮುಟ್ಟಿ ನರೆ ತಡೆಯುತ್ತದೆ ಎಂಬ ಜಾಹೀರಾತುಗಳ ಮೇಲೆ ಮಾತ್ರ ನನಗೆ ಸಿಟ್ಟಿದೆ.

ನರೆಯ ಕಥೆಯ ಮೂಲ ಇರುವುದು ರೋಮಕೂಪದ ನಡುಭಾಗದ ಉಬ್ಬಿನಲ್ಲಿ. ಚಳಿಗೆ ರೋಮ ನಿಮಿರಿಸುವ ಪುಟ್ಟ ಸ್ನಾಯು ಬಂದು ಕಚ್ಚಿಕೊಳ್ಳುವ ಜಾಗ ಅದು. ಎರಡರಿಂದ ಆರು ವರ್ಷ ಬೆಳೆದ ತಲೆಗೂದಲಿನ ಬುಡ ಕೆಲವು ವಾರಗಳಲ್ಲಿ ಕುಗ್ಗುತ್ತದೆ, ಕೂದಲು ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಮತ್ತೆ ರೋಮಕೂಪದ ಕೆಳಭಾಗವನ್ನು ಕಟ್ಟಿಕೊಡುವ ಆಕರಕೋಶಗಳು (ಸ್ಟೆಮ್ ಸೆಲ್) ಆ ಉಬ್ಬಿನಲ್ಲಿವೆ ಎಂದು 1990ರಲ್ಲಿ ಇಲಿಗಳ ಅಧ್ಯಯನ ತೋರಿಸಿತು. ಮೆಲನೋಸೈಟುಗಳ ಆಕರಕೋಶಗಳೂ ಅಲ್ಲಿಯೇ. ಅವು ಬರಿದಾದರೆ ಮುಂದಿನ ಕೂದಲು ಬಿಳಿ. ನಾವು ದಿನನಿತ್ಯ ಹಾಕುವ ಹಿಮಟಾಕ್ಸಿಲಿನ್–ಇಯೋಸಿನ್ ಬಣ್ಣದಲ್ಲಿ ಈ ಮಹಾಶಯರಿಗೆ ಮುಖಚಹರೆಯೇ ಇಲ್ಲ, ಅಕ್ಕಪಕ್ಕದ ಕೋಶಗಳ ನಡುವೆ ಬೆರೆತುಹೋಗಿರುತ್ತಾರೆ.

ಹೊರಚರ್ಮದ ಲ್ಯಾಂಗರ್‌ಹಾನ್ಸ್ ಕೋಶಗಳದೂ ಇದೇ ಹಾಡು. 1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್, ಚಿನ್ನದ ಕ್ಲೋರೈಡ್ ಹಾಕಿ ಅವುಗಳ ಕವಲುಗಳನ್ನು ಕಂಡ. ನರಕ್ಕೆ ಸೇರಿದವು ಎಂದುಕೊಂಡ. ಅವು ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರೆಂದು ತಿಳಿಯಲು ನೂರು ವರ್ಷ ಹಿಡಿಯಿತು. ಈಗ ಅವನ್ನು ಗುರುತಿಸಲು ಅವುಗಳ ಮೈಮೇಲಿನ ಸಿಡಿ1ಎ ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯವಿದೆ. ದುಬಾರಿ ಸರಕು. ಮುಖ್ಯಸ್ಥರ ಸಹಿ ಇಲ್ಲದೆ ನಾನು ಆ ಸೀಸೆ ಮುಟ್ಟುವಂತಿಲ್ಲ.