ಪಾಠ ಮುಗಿಸುವುದಕ್ಕೇ ಹೊತ್ತಿಲ್ಲ, ಇದೆಲ್ಲ ಏಕೆ ಮೇಷ್ಟ್ರೇ?

ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಜೊತೆಯ ಶಿಕ್ಷಕರಿಂದ ಹಿಡಿದು ಪೋಷಕರ ಸಭೆಗೆ ಬರುವವರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಮಳೆ ರಜೆಗಳಲ್ಲೇ ಜುಲೈ ಕಳೆದುಹೋಗುತ್ತದೆ. ಅಂಥದ್ದರಲ್ಲಿ 'ನಾನೇನು ಕಲಿತೆ' ಎಂದು ಮಕ್ಕಳ ಕೈಯಲ್ಲಿ ಬರೆಸುತ್ತಾ ಕೂರಲು ಹೊತ್ತೆಲ್ಲಿದೆ?"

ಅಸಲಿಗೆ 'ಏನು ಕಲಿತೆ' ಎಂದು ನಾನು ಕೇಳುವುದೇ ಇಲ್ಲ. ಕೇಳಿದರೆ 'ಪಾಠ ತುಂಬಾ ಚೆನ್ನಾಗಿತ್ತು, ಎಲ್ಲ ಅರ್ಥವಾಯಿತು' ಎಂದು ಬರುತ್ತದೆ. ಮೇಷ್ಟ್ರನ್ನು ಖುಷಿಪಡಿಸುವ ವಿದ್ಯೆಯಲ್ಲಿ ನಮ್ಮ ಮಕ್ಕಳು ಐದನೇ ತರಗತಿಗೇ ಪಾರಂಗತರು. 40 ನಿಮಿಷದ ಅವಧಿಯಲ್ಲಿ ಕೊನೆಯ 5 ನಿಮಿಷ ಪುಸ್ತಕ ಮುಚ್ಚಿಸಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇಷ್ಟು ಬರೆಸುತ್ತೇನೆ: ಇಂದಿನ ಲೆಕ್ಕದಲ್ಲಿ ಯಾವ ಸಾಲಿಗೆ ಬಂದಾಗ ಕೈ ನಿಂತಿತು? ಆಗ ಏನು ಮಾಡಿದೆ?

ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಮೊದಲು 'ಬೀಜಗಣಿತ ಬರುವುದಿಲ್ಲ' ಎಂದಷ್ಟೇ ಬರೆಯುತ್ತಿದ್ದಳು. ಕೆಲವು ವಾರಗಳ ಮೇಲೆ ಅವಳ ಪುಟದಲ್ಲಿ ಹೀಗಿತ್ತು: 'ಆವರಣದ ಹೊರಗೆ ಋಣ ಚಿಹ್ನೆ ಇದ್ದರೆ ಮೊದಲ ಪದದ ಚಿಹ್ನೆ ಬದಲಾಯಿಸುತ್ತೇನೆ, ಎರಡನೆಯದನ್ನು ಹಾಗೇ ಬಿಟ್ಟುಬಿಡುತ್ತೇನೆ.' ಬೀಜಗಣಿತ ಬರುವುದಿಲ್ಲ ಎಂಬುದಕ್ಕೆ ನನ್ನಲ್ಲಿ ಮದ್ದಿಲ್ಲ. ಇದಕ್ಕಾದರೆ ಮರುದಿನ ಕರಿಹಲಗೆಯ ಮೇಲೆ ನಾಲ್ಕು ಲೆಕ್ಕ ಸಾಕಾಯಿತು. ಅದೇ ಜಾಗದಲ್ಲಿ ಎಡವುತ್ತಿದ್ದ ಇತರರಿಗೂ ಅದರಿಂದ ದಾರಿಯಾಯಿತು. ಇಡೀ ಪಾಠವನ್ನು ಮತ್ತೊಮ್ಮೆ ಹೇಳುವ ಕೆಲಸ ತಪ್ಪಿತು. ಹೊತ್ತು ಉಳಿಯುವುದು ಇಲ್ಲಿ.

ಪುಸ್ತಕ ಮುಚ್ಚಿಸುವುದಕ್ಕೂ ಕಾರಣವಿದೆ. ಕಣ್ಣೆದುರು ಉತ್ತರವಿದ್ದರೆ ಎಲ್ಲವೂ ಗೊತ್ತಿದೆ ಎನ್ನಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಾಲ್ಕು ಸರದಿಯೂ ಓದುತ್ತಲೇ ಇದ್ದ ವಿದ್ಯಾರ್ಥಿಗಳಿಗೆ ವಾರದ ನಂತರ ನೆನಪಿದ್ದದ್ದು ಸುಮಾರು ಶೇ. 40 ಭಾಗ. ಒಂದು ಸರದಿ ಓದಿ ಮೂರು ಸರದಿ ನೆನಪಿನಿಂದ ಬರೆದವರಿಗೆ ಶೇ. 61. ಆದರೆ 'ನನಗೆ ಚೆನ್ನಾಗಿ ನೆನಪಿರುತ್ತದೆ' ಎಂಬ ಭರವಸೆ ಹೆಚ್ಚಿದ್ದದ್ದು ಓದುತ್ತಲೇ ಇದ್ದವರಿಗೆ! "ರಾತ್ರಿಯೆಲ್ಲ ಓದಿದ್ದೆ ಸಾರ್" ಎಂದು ಕಣ್ಣೀರು ಹಾಕುವ ಮಕ್ಕಳು ಸುಳ್ಳು ಹೇಳುತ್ತಿಲ್ಲ.

ಕೊನೆಯ ಅವಧಿಯಲ್ಲಿ ಇದು ನಡೆಯುವುದಿಲ್ಲ, ಮಕ್ಕಳ ಕಿವಿಯೆಲ್ಲ ಬಸ್ಸಿನ ಹಾರ್ನ್ ಕಡೆಗಿರುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಸುರಿದು ನನ್ನ ದನಿ ಎರಡನೇ ಬೆಂಚಿಗೂ ಮುಟ್ಟದ ದಿನಗಳು ಮಾತ್ರ ಬರೆಸುವುದಕ್ಕೆ ಹೇಳಿ ಮಾಡಿಸಿದಂಥವು.

ಈ ಬರಹಕ್ಕೆ ಅಂಕವಿಲ್ಲ. ಅಂಕ ಇಟ್ಟ ದಿನವೇ ಮತ್ತೆ 'ತುಂಬಾ ಚೆನ್ನಾಗಿತ್ತು' ಶುರುವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿಪತ್ರದಲ್ಲಿ ವಿದ್ಯಾರ್ಥಿಯ ಸ್ವಮೌಲ್ಯಮಾಪನವೂ ಇರಬೇಕು ಎನ್ನುತ್ತದೆ. ಒಳ್ಳೆಯದೇ. ಅದು ಇನ್ನೊಂದು ತುಂಬಬೇಕಾದ ಕಾಲಂ ಆಗದಿದ್ದರೆ ಸಾಕು.

ಹತ್ತನೇ ತರಗತಿಯಲ್ಲೂ ಇದನ್ನು ಬಿಡುವುದಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅಂಕ ಬರೆಯದೆ, ತಪ್ಪಿನ ಕೆಳಗೆ ಗೆರೆಯಷ್ಟೇ ಎಳೆದು ಕೊಡುತ್ತೇನೆ. ಪ್ರತಿ ಗೆರೆಯ ಪಕ್ಕದಲ್ಲಿ ಅವರೇ ಬರೆಯಬೇಕು: ಗೊತ್ತಿರಲಿಲ್ಲವೇ, ಅವಸರವೇ, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೇ? ಅಂಕ ಹೇಳುವುದು ಮರುದಿನ. ಆ ಒಂದು ದಿನ ಇಡೀ ತರಗತಿ ನನ್ನ ಮೇಲೆ ಮುನಿಸಿಕೊಂಡಿರುತ್ತದೆ, ಇರಲಿ.