ಅಜ್ಜಿಯ ತುಪ್ಪದ ಮೊಟ್ಟೆ

ಬ್ರಹ್ಮಾವರದ ಸಮೀಪವಿರುವ ನಮ್ಮ ಅಜ್ಜಿಮನೆಗೆ ನೆಂಟರು ಬಂದ ಸಂಜೆ, ಊಟಕ್ಕೆ ಎಲೆ ಹಾಕುವ ಮೊದಲೇ ಚಾವಡಿಗೆ ಒಂದು ತಟ್ಟೆ ತುಪ್ಪದ ಮೊಟ್ಟೆ ಹೋಗುವುದು ವಾಡಿಕೆ. ಹೋಟೆಲಿನವರು ಇದನ್ನೇ ಎಗ್ ಘೀ ರೋಸ್ಟ್ ಎನ್ನುತ್ತಾರೆ. ಕುಂದಾಪುರದ ಕೋಳಿ ಘೀ ರೋಸ್ಟಿನ ಮಸಾಲೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವೆಂದು ನಾನು ಹೇಳಿದರೆ ಅಜ್ಜಿ ಮಾತ್ರ ಒಪ್ಪುವುದಿಲ್ಲ.

ಕಳೆದ ರಜೆಯಲ್ಲಿ ಅದನ್ನು ನಾನೇ ಮಾಡುತ್ತೇನೆಂದು ಹಟ ಹಿಡಿದು, ಅದೇ ಬೆಳಿಗ್ಗೆ ಗೂಡಿನಿಂದ ತಂದಿದ್ದ ಊರಕೋಳಿಯ ಆರು ಮೊಟ್ಟೆಗಳನ್ನು ಬೇಯಿಸಲು ಹೊರಟೆ. "ಇವತ್ತಿನ ಮೊಟ್ಟೆ ಸಿಪ್ಪೆ ಬಿಡ್ಲಿಕ್ಕಿಲ್ಲ ಮಾರಾಯ್ತಿ" ಎಂದರು ಅಜ್ಜಿ. ನಾನು ಕೇಳಲಿಲ್ಲ. ಸಿಪ್ಪೆಯ ಪ್ರತಿ ಚೂರಿಗೂ ಬಿಳಿಯ ಭಾಗ ಅಂಟಿಕೊಂಡು ಬಂದು, ಕೊನೆಗೆ ಉಳಿದದ್ದು ಇಲಿ ಕಚ್ಚಿದಂತಿದ್ದ ಆರು ಉಂಡೆಗಳು. ಹೊಸ ಮೊಟ್ಟೆಯ ಬಿಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸಿಪ್ಪೆಯ ಸಣ್ಣ ರಂಧ್ರಗಳ ಮೂಲಕ ದಿನದಿನಕ್ಕೆ ಹೊರಹೋಗುವುದರಿಂದ ಬಿಳಿಯ ಕ್ಷಾರಗುಣ ಹೆಚ್ಚುತ್ತದೆ, ಆಗ ಒಳಪೊರೆಯ ಹಿಡಿತ ಸಡಿಲವಾಗುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಅಜ್ಜಿಗೆ ಈ ಕಾರಣ ಬೇಕಿಲ್ಲ. ವಾರ ಕಳೆದ ಮೊಟ್ಟೆಗಳನ್ನು ಬೇರೆಯೇ ಬುಟ್ಟಿಯಲ್ಲಿ ಇಟ್ಟಿರುತ್ತಾರೆ.

ಆ ಬುಟ್ಟಿಯ ಮೊಟ್ಟೆಗಳನ್ನು ಅವರು ಕುದಿಯುವ ನೀರಿಗೆ ಒಂದೊಂದಾಗಿ ಸೌಟಿನಲ್ಲಿ ಇಳಿಸಿ, ಒಂದು ತೆಂಗಿನಕಾಯಿ ತುರಿದು ಮುಗಿಯುವಷ್ಟು ಹೊತ್ತು ಬಿಟ್ಟರು. ಮೊಬೈಲಿನಲ್ಲಿ ನೋಡಿದೆ, ಸರಿಯಾಗಿ 10 ನಿಮಿಷ. ಇನ್ನೂ ಬೆಂದರೆ ಬಿಳಿಯ ಗಂಧಕಾಂಶವೂ ಹಳದಿಯ ಕಬ್ಬಿಣಾಂಶವೂ ಸೇರಿ ಹಳದಿಯ ಸುತ್ತ ಹಸಿರುಬೂದು ಗೆರೆ ಮೂಡುತ್ತದೆ. ಗೆರೆಯಿಂದ ತೊಂದರೆಯೇನಿಲ್ಲ, ಆದರೆ ಅಷ್ಟು ಬೆಂದ ಹಳದಿ ಕಾವಲಿಯಲ್ಲಿ ಪುಡಿಯಾಗುತ್ತದೆ. ಮೊಟ್ಟೆಯನ್ನು ಕತ್ತರಿಸಲು ಅಜ್ಜಿ ಚೂರಿ ಮುಟ್ಟುವುದಿಲ್ಲ. ಹೊಲಿಗೆಯ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಮತ್ತೊಂದನ್ನು ಬಲಗೈಯಲ್ಲಿ ಬಿಗಿಹಿಡಿದು, ಎಡಗೈಯಲ್ಲಿರುವ ಮೊಟ್ಟೆಯ ಸುತ್ತ ಎಳೆಯುತ್ತಾರೆ. ಹಳದಿ ಒಂದಿಷ್ಟೂ ಮೆತ್ತಿಕೊಳ್ಳದೆ ಎರಡು ಹೋಳು ಅಂಗೈಯಲ್ಲಿ ತೆರೆದುಕೊಳ್ಳುತ್ತವೆ.

ಮಸಾಲೆಗೆ ಹತ್ತು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಎಂಟು ಕಾಳುಮೆಣಸು, ನಾಲ್ಕೇ ನಾಲ್ಕು ಕಾಳು ಮೆಂತೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹಾಗಾಗಿ ಹತ್ತು ಹಾಕಿದರೂ ಮಕ್ಕಳು ಕೂಡ ತಿನ್ನಬಹುದು. ಎಲ್ಲವನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಐದು ಎಸಳು ಬೆಳ್ಳುಳ್ಳಿ ಮತ್ತು ಹುಣಸೆಹುಳಿಯೊಂದಿಗೆ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆಯಬೇಕು.

ತುಪ್ಪಕ್ಕೆ ಬಿದ್ದ ಮಸಾಲೆ ಮೊದಲು ಅದನ್ನೆಲ್ಲ ಹೀರಿಕೊಂಡುಬಿಡುತ್ತದೆ. ಇಲ್ಲಿ ಹೆದರಿ ಮತ್ತಷ್ಟು ತುಪ್ಪ ಸುರಿಯುವುದು ನನ್ನಂಥವರು ಮಾಡುವ ತಪ್ಪು. ಉರಿ ತಗ್ಗಿಸಿ ಮಗುಚುತ್ತಿದ್ದರೆ ಬೆಳ್ಳುಳ್ಳಿಯ ಹಸಿವಾಸನೆ ಹೋಗಿ, ಬಣ್ಣ ಗಾಢವಾಗಿ, ಅಂಚಿನಲ್ಲಿ ಕೆಂಪು ತುಪ್ಪ ಮಣಿಮಣಿಯಾಗಿ ಹೊರಬರುತ್ತದೆ. ಆಗ ಉಪ್ಪು, ಚಿಟಿಕೆ ಬೆಲ್ಲ, ಕರಿಬೇವಿನ ಸೊಪ್ಪು ಹಾಕಿ, ಹೋಳುಗಳನ್ನು ಹಳದಿ ಕೆಳಗಾಗುವಂತೆ ಇಟ್ಟು, ಸೌಟು ಆಡಿಸದೆ ಕಾವಲಿಯನ್ನೇ ಓರೆಮಾಡಬೇಕು. ಎರಡು ನಿಮಿಷ ಸಾಕು.

ಮೊನ್ನೆ ಮಂಗಳೂರಿನ ನಮ್ಮ ಮನೆಗೆ ಬಂದಿದ್ದ ಅಜ್ಜಿ ಫ್ರಿಜ್ ತೆರೆದು, ನಾನು ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ತಾರೀಕುಗಳನ್ನು ನೋಡಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಎಂತ ಇದು, ಮೊಟ್ಟೆಗೂ ಜಾತಕ ಬರ್ದಿಟ್ಟಿದ್ದೀಯಾ?"